ಚಟಕ್ಕೆ ಬಿದ್ದವನ ಮನೆಯವರ ಧರ್ಮ

ಮನೆಯಲ್ಲಿ ಒಬ್ಬ ಕುಡಿತಕ್ಕೆ ಸಿಕ್ಕಿಬಿದ್ದಾಗ ಉಳಿದವರ ಧರ್ಮ ಯಾವುದು? ತಾಳಿಕೊಂಡು ಇರುವುದೇ, ಬಿಟ್ಟು ಹೋಗುವುದೇ, ಬೈದು ಬಡಿದು ದಾರಿಗೆ ತರುವುದೇ, ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದೇ? ಈ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೆರಡು ಪ್ರಶ್ನೆಗಳಿವೆ. ಕುಡಿಯುವವನು ತಪ್ಪಿತಸ್ಥನೋ ರೋಗಿಯೋ ಎಂಬುದು ಒಂದು. ಅವನ ಪಾಲಿನ ಹೊಣೆಯನ್ನು ಮನೆಯವರು ಎಲ್ಲಿಯವರೆಗೆ ಹೊರಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಯಾವ ಉತ್ತರ ಕೊಡುತ್ತೇವೆಯೋ ಅದರ ಮೇಲೆ ಎರಡನೆಯದರ ಉತ್ತರ ನಿಲ್ಲುತ್ತದೆ.

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರುಗಳಲ್ಲಿ, ಒಟ್ಟು ಶಹಾಪುರ–ಸುರಪುರ ಸೀಮೆಯಲ್ಲಿ, ಈ ಪ್ರಶ್ನೆ ಬಟವಾಡೆಯ ಸಂಜೆ ಮನೆ ಬಾಗಿಲಿಗೆ ಬರುತ್ತದೆ. ಕೃಷ್ಣೆಯ ಕಾಲುವೆ ನೀರು ಮುಟ್ಟಿದ ಹೊಲಗಳಲ್ಲಿ ಭತ್ತ, ಮುಟ್ಟದ ಕಡೆ ಹತ್ತಿ ಮತ್ತು ತೊಗರಿ. ಸುಗ್ಗಿ ಮುಗಿದರೆ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಗುಳೆ. ಮೈಕೈ ನೋವಿಗೆಂದು ಹಿಡಿದ ಸಂಜೆಯ ಕ್ವಾರ್ಟರ್ ಕೆಲವೇ ವರ್ಷಗಳಲ್ಲಿ ಬೆಳಗಿನ ಅಗತ್ಯವಾಗುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೆ ಅಗ್ಗದ ಮದ್ಯದ ಪ್ಯಾಕೆಟ್ಟುಗಳು ಹಳ್ಳಿಯ ಕಿರಾಣಿ ಅಂಗಡಿಯ ಮರೆಯಲ್ಲೂ ಸಿಗತೊಡಗಿದವು. ತೆಲಂಗಾಣದ ಗಡಿಗೆ ಹತ್ತಿರವಿರುವ ರಾಯಚೂರು, ಯಾದಗಿರಿ ಭಾಗದಲ್ಲಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಬೆರೆಸಿದ ಸೇಂದಿಯ ಹಾವಳಿ ಬೇರೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ಸುಮಾರು 200 ಕಿ.ಮೀ. ನಡೆದುಹೋದರು. ಅವರಲ್ಲಿ ಬಹಳಷ್ಟು ಮಂದಿ ರಾಯಚೂರು ಮತ್ತು ಅದರ ಆಚೀಚಿನ ಜಿಲ್ಲೆಗಳವರು. ಗಂಡ, ಮಗ, ಅಣ್ಣತಮ್ಮಂದಿರ ಕುಡಿತದ ಲೆಕ್ಕವನ್ನು ದಿನವೂ ತೀರಿಸುವವರು ತಾವೇ ಎಂಬ ಅರಿವು ಅವರನ್ನು ರಸ್ತೆಗೆ ತಂದಿತ್ತು.

ಕುಡಿಯುವವನು ಪಾಪಿಯೇ ಎಂಬ ಪ್ರಶ್ನೆಗೆ ಈ ನೆಲದ ಧರ್ಮಗಳು ಒಂದೇ ಸಾಲಿನ ಉತ್ತರ ಕೊಟ್ಟಿಲ್ಲ. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುವ ಒಂದು ಪ್ರಶ್ನೆ ಕುಡುಕನ ಮನೆಯವರ ಬಾಯಲ್ಲಿ ದಿನವೂ ಇರುವಂಥದ್ದು: ಬೇಡವೆಂದು ತಾನೇ ಅಂದುಕೊಂಡವನನ್ನು ಯಾರೋ ಬಲವಂತವಾಗಿ ನೂಕಿದಂತೆ ಪಾಪಕ್ಕೆ ತಳ್ಳುವುದು ಯಾವುದು? ಕೃಷ್ಣನ ಉತ್ತರ ಕಾಮದ ಕಡೆಗೆ, ಎಷ್ಟು ಉಣಿಸಿದರೂ ಹೊಟ್ಟೆ ತುಂಬದ ಹಸಿವಿನ ಕಡೆಗೆ ಬೊಟ್ಟು ಮಾಡುತ್ತದೆ. ಬಯಸದೆಯೂ ಮಾಡುವವನು ಇದ್ದಾನೆ ಎಂದು ಗೀತೆ ಒಪ್ಪಿಕೊಂಡಿತು. ಆದರೂ ಆ ಹಸಿವನ್ನು ಗೆಲ್ಲುವ ಕೆಲಸವನ್ನು ಅವನಿಗೇ ಬಿಟ್ಟಿತು. ಬೌದ್ಧರ ಪಂಚಶೀಲದಲ್ಲಿ ಐದನೆಯದು ಅಮಲಿನಿಂದ ದೂರವಿರುವುದು. ಶಹಾಪುರದಿಂದ ಭೀಮೆಯ ಆಚೆ ದಡಕ್ಕಿರುವ ಸನ್ನತಿ–ಕನಗನಹಳ್ಳಿಯ ಸ್ತೂಪದ ಕಾಲದಲ್ಲಿ ಈ ಸೀಮೆಯ ಜನ ಆ ಶೀಲವನ್ನು ಕೇಳಿಯೇ ಇದ್ದಾರು. ಗೃಹಸ್ಥನಿಗೆ ಹೇಳಿದ ಸಿಗಾಲೋವಾದ ಸುತ್ತದಲ್ಲಿ ಬುದ್ಧ ಕುಡಿತದ ಆರು ಕೇಡುಗಳನ್ನು ಎಣಿಸುತ್ತಾನೆ: ಹಣ ಹೋಗುವುದು, ಜಗಳ ಹೆಚ್ಚುವುದು, ರೋಗ ಬರುವುದು, ಹೆಸರು ಕೆಡುವುದು, ನಾಚಿಕೆ ಬಿಡುವುದು, ಬುದ್ಧಿ ಮಂಕಾಗುವುದು. ನರಕದ ಮಾತಿಲ್ಲದೆ, ಎಲ್ಲವೂ ಇಲ್ಲೇ, ಮನೆಯೊಳಗೇ ಕಾಣುವ ಕೇಡುಗಳು. ಅದೇ ಸುತ್ತ ಮುಂದೆ ಗಂಡ ಹೆಂಡತಿ, ತಂದೆ ತಾಯಿ ಮಕ್ಕಳು ಒಬ್ಬರಿಗೊಬ್ಬರು ಮಾಡಬೇಕಾದ್ದನ್ನು ಹೇಳುತ್ತದೆ.

ಇಸ್ಲಾಂ ಮದ್ಯವನ್ನು ಪೂರ್ತಿ ನಿಷೇಧಿಸಿದ ಧರ್ಮ. ಆದರೆ ಆ ನಿಷೇಧ ಒಂದೇ ದಿನದಲ್ಲಿ ಬರಲಿಲ್ಲ. ಕುರಾನಿನಲ್ಲಿ ಮೊದಲು ಮದ್ಯದ ಲಾಭಕ್ಕಿಂತ ಕೇಡು ದೊಡ್ಡದು ಎಂಬ ಮಾತು ಬಂತು; ಆಮೇಲೆ ಅಮಲಿನಲ್ಲಿ ನಮಾಜಿಗೆ ಬರಬೇಡಿ ಎಂದಿತು; ಕೊನೆಗೆ ಅದನ್ನು ತೊರೆಯಿರಿ ಎಂಬ ಆಜ್ಞೆ. ನಮಾಜಿನ ಐದು ಹೊತ್ತುಗಳ ನಡುವೆ ಅಮಲು ಏರಿ ಇಳಿಯುವಷ್ಟು ಸಮಯ ಹೆಚ್ಚು ಉಳಿಯದಂತೆ ಮಾಡಿದ ಎರಡನೆಯ ಮೆಟ್ಟಿಲನ್ನು ಇಂದಿನ ಯಾವ ವೈದ್ಯನೂ ಮೆಚ್ಚಿಯಾನು. ಅಭ್ಯಾಸವಾಗಿ ಬೇರುಬಿಟ್ಟದ್ದು ಹಂತಹಂತವಾಗಿಯೇ ಬಿಡುತ್ತದೆ ಎಂಬ ತಿಳಿವಳಿಕೆ ಅದರಲ್ಲಿದೆ.

ಹನ್ನೆರಡನೆಯ ಶತಮಾನದ ಶರಣರು ಇನ್ನೂ ಮುಂದೆ ಹೋದರು. ಹೆಂಡ ಮಾರುತ್ತಿದ್ದವನೊಬ್ಬ ಅವರ ಸಾಲಿನಲ್ಲಿ ಕುಳಿತ. ಹೆಂಡದ ಮಾರಯ್ಯ ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನ ಬರೆದವನು. ಹೆಂಡ, ಅದರ ಪಾತ್ರೆ, ಅದರ ಅಮಲುಗಳನ್ನೇ ಅನುಭಾವದ ಮಾತಿಗೆ ಬಳಸಿಕೊಂಡವನು. ಅವನ ಕಸುಬನ್ನು ಮುಚ್ಚಿಡುವ ಅಗತ್ಯ ಶರಣರಿಗೆ ಕಾಣಲಿಲ್ಲ, ಹೆಸರಿನಲ್ಲೇ ಅದನ್ನು ಉಳಿಸಿದರು. ಚಟ ಬಿಟ್ಟು ಬಂದವನನ್ನು ಊರು ಹೇಗೆ ಕರೆಯಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಮಾದರಿ ಕನ್ನಡದಲ್ಲಿ ಸಿಗುವುದು ಕಷ್ಟ.

ಇಂದಿನ ವೈದ್ಯಶಾಸ್ತ್ರ ಕುಡಿತದ ಅವಲಂಬನೆಯನ್ನು ಮಿದುಳಿನ ದೀರ್ಘಕಾಲದ ಕಾಯಿಲೆ ಎನ್ನುತ್ತದೆ. ಅದರ ಅಪಾಯದಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತದೆ. ಚಿಕಿತ್ಸೆಯ ನಂತರ ಮತ್ತೆ ಮರುಕಳಿಸುವ ಪ್ರಮಾಣ ಶೇ 40ರಿಂದ 60ರಷ್ಟು, ಬಿ.ಪಿ., ಆಸ್ತಮಾಗಳ ಲೆಕ್ಕಕ್ಕೆ ಹತ್ತಿರದ್ದು. ಕಾಯಿಲೆ ಎಂದೊಡನೆ ಮನೆಯವರ ಸಿಟ್ಟು ಅರ್ಧ ಇಳಿಯುತ್ತದೆ. ಆದರೆ ಇನ್ನೊಂದು ಅಪಾಯ ಹುಟ್ಟುತ್ತದೆ: ಕಾಯಿಲೆಯವನಿಂದ ಏನನ್ನೂ ಕೇಳುವಂತಿಲ್ಲ ಎಂಬ ಭಾವನೆ. ತತ್ತ್ವಶಾಸ್ತ್ರಜ್ಞೆ ಹ್ಯಾನಾ ಪಿಕರ್ಡ್ ಚಿಕಿತ್ಸಾ ಕೇಂದ್ರದಲ್ಲಿ ಕೆಲಸ ಮಾಡಿ ಕಂಡುಕೊಂಡ ಒಂದು ದಾರಿ ಇಲ್ಲಿ ನೆರವಿಗೆ ಬರುತ್ತದೆ. ಹೊಣೆ ಹೊರಿಸುವುದು ಬೇರೆ, ದೂಷಿಸುವುದು ಬೇರೆ ಎನ್ನುತ್ತಾರೆ ಅವರು. ಕುಡಿಯುವವನಿಗೆ ಆಯ್ಕೆಯ ಶಕ್ತಿ ಕುಂದಿರುತ್ತದೆಯೇ ಹೊರತು ಪೂರ್ತಿ ಸತ್ತಿರುವುದಿಲ್ಲ. ಉಳಿದಿರುವ ಆ ಶಕ್ತಿಯ ಜೊತೆ ಮಾತಾಡಬೇಕಾದರೆ ಅವನನ್ನು ಹೊಣೆಗಾರನೆಂದೇ ಕಾಣಬೇಕು, ಹೀನಾಯ ಮಾಡದೆ ಕಾಣಬೇಕು. ಮನೆಯವರ ಧರ್ಮದ ತಿರುಳು ಈ ಎರಡರ ನಡುವೆ ಇದೆ. ಹೇಳಲು ಸುಲಭ. ಅಡುಗೆಗೆ ಇಟ್ಟ ದುಡ್ಡು ಮಾಯವಾದ ರಾತ್ರಿ ಇದನ್ನು ಪಾಲಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಈ ಸೀಮೆಯಲ್ಲಿ ಕುಡಿತ ಬಿಡಿಸಲು ಮನೆಯವರು ಮೊದಲು ಹಿಡಿಯುವ ದಾರಿ ಆಣೆ. ಗುಡಿಯಲ್ಲಿ ಭಂಡಾರ ಮುಟ್ಟಿಸುತ್ತಾರೆ, ಮಗುವಿನ ತಲೆಯ ಮೇಲೆ ಕೈ ಇಡಿಸುತ್ತಾರೆ, ಮಠದಲ್ಲಿ ರುದ್ರಾಕ್ಷಿ ಕಟ್ಟಿಸುತ್ತಾರೆ, ದರ್ಗಾದಲ್ಲಿ ತಾಯತ ಹಾಕಿಸುತ್ತಾರೆ. ಆಣೆಗೆ ನಿಜವಾದ ಬಲವಿದೆ. ಇನ್ನೊಬ್ಬರು ಲೋಟ ಚಾಚಿದಾಗ ‘ದೇವರ ಆಣಿ ಐತಿ’ ಎಂದರೆ ಯಾರೂ ಮುಂದೆ ಒತ್ತಾಯಿಸುವುದಿಲ್ಲ. ‘ಡಾಕ್ಟರು ಬ್ಯಾಡ ಅಂದಾರ’ ಎಂದರೆ ನಗುತ್ತಾರೆ. ಶ್ರಾವಣ ತಿಂಗಳು ಪೂರ್ತಿ ಕುಡಿಯದೆ ಇರುವವರು ಪ್ರತಿ ಊರಲ್ಲೂ ಇದ್ದಾರೆ. ಒಂದು ತಿಂಗಳು ಇರಬಲ್ಲೆ ಎಂದು ಅವರಿಗೆ ತೋರಿಸಿಕೊಟ್ಟದ್ದು ವ್ರತವೇ.

ಆಣೆ ಸೋಲುವುದು ಎರಡು ಕಡೆ. ಒಂದು, ದೇಹದಲ್ಲಿ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗುತ್ತದೆ, ಚಹಾದ ಬಸಿ ತುಟಿಗೆ ಮುಟ್ಟುವ ಮುಂಚೆ ಅಂಗಿಯ ಮೇಲೆ ಚೆಲ್ಲುತ್ತದೆ, ಬೆವರು, ವಾಂತಿ, ನಿದ್ದೆಯಿಲ್ಲ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರು ಹುಳು ಹರಿದಾಡಿದಂತೆ ಹಾಸಿಗೆ ಕೊಡವುತ್ತಾರೆ, ಇಲ್ಲದವರ ಜೊತೆ ಮಾತಾಡುತ್ತಾರೆ, ಹೆಂಡತಿಯನ್ನೇ ಗುರುತಿಸುವುದಿಲ್ಲ. ಆಗ ಮನೆಯವರು ಗಾಳಿ ಸೋಕಿದೆ ಎಂದೋ, ದೇವರು ಆಣೆ ಪರೀಕ್ಷಿಸುತ್ತಿದ್ದಾನೆ ಎಂದೋ ಬೇವಿನ ಸೊಪ್ಪು ಹಿಡಿದು ಕೂರುತ್ತಾರೆ. ಅದು ಸನ್ನಿ, ದವಾಖಾನೆ ಸೇರದಿದ್ದರೆ ಸಾವಿಗೂ ದಾರಿಯಾಗುವ ಸನ್ನಿ. ನಿದ್ದೆ ಮತ್ತು ನಡುಕಕ್ಕೆ ವೈದ್ಯರ ಕಣ್ಣಳತೆಯಲ್ಲಿ ಕೊಡುವ ಮಾತ್ರೆ, ಥಯಾಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್, ನೀರು, ಊಟ ಇವುಗಳಿಂದ ಹೆಚ್ಚಿನವರು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಪುಡಿ ಬೆರೆಸಿದ ಸೇಂದಿಗೆ ಒಗ್ಗಿದ ದೇಹ ಅದು ಸಿಗದ ದಿನ ಇನ್ನೂ ಕೆಟ್ಟದಾಗಿ ಒದ್ದಾಡಬಹುದು. ಆಣೆಗೆ ಮುನ್ನ ವೈದ್ಯರನ್ನು ಕಾಣುವುದು ದೇವರ ಮೇಲಿನ ಅಪನಂಬಿಕೆ ಎಂದು ತಿಳಿಯಬೇಕಿಲ್ಲ. ಜೀವ ಉಳಿದರೆ ತಾನೇ ವ್ರತ?

ಆಣೆ ಸೋಲುವ ಇನ್ನೊಂದು ಜಾಗ ಮನಸ್ಸು. ಆಣೆ ಎಂದರೆ ಉಳಿಯಿತು, ಇಲ್ಲವೇ ಮುರಿಯಿತು. ನಡುವೆ ಏನೂ ಇಲ್ಲ. ಮದುವೆ ಮನೆಯಲ್ಲಿ ಒಂದು ಗುಟುಕು ಕುಡಿದವನು ‘ಹೆಂಗೂ ದೇವರಿಗೆ ತಪ್ಪಿ ನಡದೀನಿ’ ಎಂದುಕೊಂಡು ವಾರ ಪೂರ್ತಿ ಕುಡಿಯುತ್ತಾನೆ. ತಪ್ಪಿದೆನೆಂಬ ನಾಚಿಕೆಯೇ ಮರುಕಳಿಕೆಯನ್ನು ಬೆಳೆಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ 1980ರ ದಶಕದಲ್ಲೇ ವಿವರಿಸಿದ್ದರು. ಮನೆಯವರು ಅದಕ್ಕೆ ತುಪ್ಪ ಸುರಿಯುವಂತೆ ದೇವರ ಸಿಟ್ಟನ್ನು ನೆನಪಿಸುತ್ತಾರೆ. ಮಗುವಿಗೆ ಜ್ವರ ಬಂದರೆ ಅಪ್ಪ ಮುರಿದ ಆಣೆಯ ಫಲ ಎನ್ನುತ್ತಾರೆ. ಇದು ಕ್ರೂರ, ಧರ್ಮದ ದೃಷ್ಟಿಯಿಂದಲೂ ತಪ್ಪು. ತಪ್ಪಿದ ವ್ರತಕ್ಕೆ ಪ್ರಾಯಶ್ಚಿತ್ತದ ಜಾಗ ನಮ್ಮ ಪರಂಪರೆಗಳಲ್ಲಿದೆ. ರಂಜಾನಿನಲ್ಲಿ ತಪ್ಪಿದ ಉಪವಾಸವನ್ನು ಮುಂದೆ ತೀರಿಸಲು ಅವಕಾಶವಿದೆ. ಹಿಂದೂ ವ್ರತಗಳಲ್ಲೂ ಲೋಪಕ್ಕೆ ಪರಿಹಾರವಿದೆ. ಮಗುವಿನ ತಲೆ ಮುಟ್ಟಿಸಿ ಆಣೆ ಮಾಡಿಸುವುದನ್ನಂತೂ ಬಿಡಲೇಬೇಕು. ತಂದೆಯ ಕಾಯಿಲೆಯ ಭಾರವನ್ನು ಕೂಸಿನ ನೆತ್ತಿಯ ಮೇಲೆ ಇಡುವ ಹಕ್ಕು ಯಾರಿಗೂ ಇಲ್ಲ.

ಆಣೆಯ ಈ ದೋಷಗಳನ್ನು ತಪ್ಪಿಸಿಕೊಂಡ ಒಂದು ದಾರಿ ಉತ್ತರ ಕರ್ನಾಟಕದಲ್ಲೇ ಹುಟ್ಟಿತು. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ (1930–2018) 1975ರಲ್ಲಿ ಜೋಳಿಗೆ ಹಿಡಿದು ಊರೂರು, ಕೇರಿಕೇರಿ ಸುತ್ತತೊಡಗಿದರು. ಜಂಗಮನ ಜೋಳಿಗೆಗೆ ಜನ ಜೋಳ, ಹಿಟ್ಟು, ಕಾಸು ಹಾಕುವುದು ವಾಡಿಕೆ. ಸ್ವಾಮೀಜಿ ಬೇಡಿದ್ದು ದುಶ್ಚಟಗಳನ್ನು. ಬೀಡಿ ಕಟ್ಟು, ತಂಬಾಕಿನ ಚೀಟಿ, ಗುಟ್ಕಾ, ಕುಡಿತ ಬಿಡುವ ಮಾತು ಎಲ್ಲವೂ ಆ ಜೋಳಿಗೆಗೆ ಬಿದ್ದವು. ‘ಮಹಾಂತ ಜೋಳಿಗೆ’ ಎಂದೇ ಅದು ಹೆಸರಾಯಿತು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಈ ಜೋಳಿಗೆಯ ಹಿಂದಿನ ತತ್ತ್ವವನ್ನು ನಿಧಾನವಾಗಿ ನೋಡಬೇಕು. ಆಣೆಯಲ್ಲಿ ಕುಡುಕ ಆರೋಪಿ. ದೇವರು ಸಾಕ್ಷಿ, ಮನೆಯವರು ಫಿರ್ಯಾದಿಗಳು. ಜೋಳಿಗೆಯ ಮುಂದೆ ಅವನು ದಾನಿ. ಬಾಗಿಲಿಗೆ ಬಂದು ಕೈಯೊಡ್ಡಿದವರು ಗುರುಗಳು. ಊರೆಲ್ಲ ಏನೂ ಕೊಡಲಾರದವನೆಂದು ಬಗೆದವನ ಹತ್ತಿರವೂ ಕೊಡುವಂಥದ್ದೊಂದು ಇದೆ ಎಂದು ಒಪ್ಪಿಕೊಂಡಂತಾಯಿತು. ಚಟವನ್ನು ಅವನಿಂದ ಬಿಡಿಸಿ ಒಂದು ವಸ್ತುವಿನಂತೆ ಹೊರಗಿಟ್ಟರು, ಅವನನ್ನು ಉಳಿಸಿಕೊಂಡರು. ಕುಡಿಯುವವನೊಡನೆ ಮನೆಯವರು ಮಾತಾಡುವ ರೀತಿಗೂ ಇದನ್ನು ತರಬಹುದು. ‘ನೀ ಕುಡುಕ, ನಿನ್ನಿಂದ ಮನಿ ಹಾಳಾತು’ ಎಂಬ ಮಾತಿನಲ್ಲಿ ಮನುಷ್ಯನೂ ಚಟವೂ ಒಂದೇ ಗಂಟು. ‘ನೀ ಕುಡೀಲಾರದ ದಿನ ಕೂಸು ನಿನ್ನ ತೊಡಿಮ್ಯಾಲೆ ಉಂಡು ಮಲಗತೈತಿ, ಆ ದಿನ ನಮಗ ಬೇಕು’ ಎಂದರೆ ಗಂಟು ಬಿಚ್ಚಿಕೊಳ್ಳುತ್ತದೆ.

ಇನ್ನು ಸಹನೆಯ ಪ್ರಶ್ನೆ. ಗಂಡ ಹೇಗಿದ್ದರೂ ತಾಳಿಕೊಳ್ಳುವವಳೇ ಗೃಹಿಣಿ ಎಂಬ ಉಪದೇಶ ಈ ನಾಡಿನ ಹೆಣ್ಣುಮಕ್ಕಳಿಗೆ ಧಾರಾಳವಾಗಿ ಸಿಕ್ಕಿದೆ. ಆ ತಾಳ್ಮೆ ಹೇಗೆ ನಡೆಯುತ್ತದೆ ಎಂದು ನೋಡಿದರೆ ಅದರ ಫಲ ತಿಳಿಯುತ್ತದೆ. ಅವನು ಮಾಡಿದ ಉದ್ರಿಯನ್ನು ಹೆಂಡತಿ ಹತ್ತಿ ಬಿಡಿಸಿದ ಕೂಲಿಯಿಂದ ತೀರಿಸುತ್ತಾಳೆ. ಅಂಗಡಿಯವನು ಮತ್ತೆ ಉದ್ರಿ ಕೊಡುತ್ತಾನೆ. ಕೆಲಸಕ್ಕೆ ಬಾರದ ದಿನ ಮೇಸ್ತ್ರಿಗೆ ‘ಜ್ವರ ಬಂದಾವ’ ಎಂದು ತಾಯಿ ಸುಳ್ಳು ಹೇಳುತ್ತಾಳೆ. ಬೀದಿಯಲ್ಲಿ ಬಿದ್ದವನನ್ನು ತಮ್ಮ ಎತ್ತಿ ತಂದು, ಮೈ ತೊಳೆದು, ಬೆಳಗ್ಗೆ ಏನೂ ಆಗದಂತೆ ಇರುತ್ತಾನೆ. ಪ್ರೀತಿಯಿಂದ, ಮಾನಕ್ಕೆ ಅಂಜಿ ಮಾಡುವ ಈ ಕೆಲಸಗಳೆಲ್ಲ ಕುಡಿತದ ಪರಿಣಾಮ ಕುಡಿದವನಿಗೆ ಮುಟ್ಟದಂತೆ ತಡೆಯುತ್ತವೆ. ಕುಡಿತ ಸುಸೂತ್ರವಾಗಿ ಸಾಗುತ್ತದೆ.

ಇಂಥ ತಾಳ್ಮೆಗೆ ಎದುರಾಗಿ ಶರಣ ಪರಂಪರೆಯಲ್ಲಿ ಒಬ್ಬ ಹೆಂಡತಿ ನಿಂತಿದ್ದಾಳೆ. ಕೃಷ್ಣೆಯ ಆಚೆ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಬೇಯಿಸಲು ಒಪ್ಪಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಮಾರಯ್ಯ ಹೋಗಿ ಸುರಿದು ಬಂದ. ಅಲ್ಲಿದ್ದದ್ದು ಅಕ್ಕಿಯ ಆಸೆ, ಇಲ್ಲಿರುವುದು ಹೆಂಡದ ಆಸೆ. ಎರಡೂ ಒಂದೇ ಎನ್ನಲಾಗದು. ಆದರೂ ಲಕ್ಕಮ್ಮನ ನಡೆಯಲ್ಲಿ ಮನೆಯವರಿಗೆ ಬೇಕಾದದ್ದಿದೆ. ಅವಳು ಗಂಡನನ್ನು ಹೊರಹಾಕಲಿಲ್ಲ, ಅವನ ಪರವಾಗಿ ತಾನೇ ಹೋಗಿ ಅಕ್ಕಿ ಹಿಂದಿರುಗಿಸಲಿಲ್ಲ, ಹೋಗಲಿ ಎಂದು ಒಲೆಗೂ ಹಾಕಲಿಲ್ಲ. ಸರಿಪಡಿಸುವ ಕೆಲಸವನ್ನು ಅವನ ಕೈಯಲ್ಲೇ ಮಾಡಿಸಿದಳು. ಅವನು ಬರುವವರೆಗೆ ಮನೆಯಲ್ಲಿ ಕಾದಳು. ಉದ್ರಿ ಮಾಡಿದವನು ತಾನೇ ಅಂಗಡಿಗೆ ಹೋಗಿ ತೀರಿಸಲಿ, ಮೇಸ್ತ್ರಿಗೆ ತಾನೇ ಉತ್ತರ ಕೊಡಲಿ ಎಂದು ಬಿಡುವ ತಾಯಿ, ಹೆಂಡತಿ ಲಕ್ಕಮ್ಮನ ಹಾದಿಯಲ್ಲಿದ್ದಾರೆ. ಅವರನ್ನು ಕಲ್ಲುಮನಸ್ಸಿನವರು ಎನ್ನುವ ನೆರೆಹೊರೆ ತಪ್ಪು ಮಾಡುತ್ತದೆ.

ಇದಕ್ಕೆ ಹತ್ತಿರದ ವಿಧಾನವೊಂದನ್ನು ಅಮೆರಿಕದಲ್ಲಿ ರಾಬರ್ಟ್ ಮೈಯರ್ಸ್ ಮತ್ತು ಸಂಗಡಿಗರು ಪ್ರಯೋಗಕ್ಕೆ ಒಡ್ಡಿದರು. ಕುಡಿಯದ ಹೊತ್ತಿನಲ್ಲಿ ಅಕ್ಕರೆ, ಒಳ್ಳೆಯ ಊಟ, ಮಾತುಕತೆ. ಕುಡಿದ ಹೊತ್ತಿನಲ್ಲಿ ಜಗಳವನ್ನೂ ಉಪಚಾರವನ್ನೂ ಮಾಡದೆ ದೂರ ಸರಿಯುವುದು. ಮನಸ್ಸು ಮೆತ್ತಗಿರುವ ಗಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತುವುದು. ತಮ್ಮ ಬದುಕನ್ನೂ ನೋಡಿಕೊಳ್ಳುವುದು. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ತರಬೇತಿ ಪಡೆದ ಮನೆಗಳ ಪೈಕಿ ಶೇ 64ರಲ್ಲಿ ಚಿಕಿತ್ಸೆ ಬೇಡವೆನ್ನುತ್ತಿದ್ದವರು ಚಿಕಿತ್ಸೆಗೆ ಬಂದರು. ನೆಂಟರಿಷ್ಟರೆಲ್ಲ ಸೇರಿ ಎದುರು ಕೂರಿಸಿಕೊಂಡು ಕೇಳುವ ವಿಧಾನದಲ್ಲಿ ಬಂದವರು ಶೇ 30. ಪಂಚಾಯ್ತಿ ಕಟ್ಟೆಗೆ ಕರೆಸಿ ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡುವವರು ಈ ಅಂಕಿಯನ್ನು ಯೋಚಿಸಬೇಕು.

ಮನೆಯವರ ಕೈ ದಾಟಿ ಹೋಗುವ ಜಾಗವೂ ಒಂದಿದೆ. ಕುಡಿದರೆ ಮೈಗಾಗದಂತೆ ಮಾಡುವ ಡೈಸಲ್ಫಿರಾಂ ಮಾತ್ರೆಯನ್ನು ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವುದುಂಟು. ಗೊತ್ತಿದ್ದು, ಒಪ್ಪಿ, ವೈದ್ಯರ ಮಾತಿನಂತೆ ತೆಗೆದುಕೊಂಡರೆ ಅದು ಕೆಲವರಿಗೆ ಊರುಗೋಲು. ಗೊತ್ತಿಲ್ಲದೆ ತಿಂದವನು ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಪ್ರಾಣದ ಮಾತು ಹಾಗಿರಲಿ, ಉಣ್ಣುವ ಅನ್ನವನ್ನೇ ನಂಬದಂತಾದ ಮನೆಯಲ್ಲಿ ಚೇತರಿಕೆಗೆ ನೆಲೆ ಎಲ್ಲಿ? ಒಳ್ಳೆಯದಕ್ಕಾಗಿಯೇ ಮಾಡಿದರೂ ಇದು ಮೋಸ.

ಸಹನೆಗೆ ಖಚಿತವಾದ ಗಡಿ ಹಿಂಸೆ. ಕೈ ಎತ್ತುವವನು ರೋಗಿಯೆಂಬುದು ಪೆಟ್ಟು ತಿನ್ನಲು ಕಾರಣವಾಗದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಣ್ಣಿಗೆ ರಕ್ಷಣೆಯನ್ನೂ ಮನೆಯಲ್ಲಿ ಉಳಿಯುವ ಹಕ್ಕನ್ನೂ ಕೊಟ್ಟಿದೆ. ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದವಳು ಧರ್ಮ ಬಿಟ್ಟವಳಲ್ಲ. ಮಕ್ಕಳನ್ನು ಕಾಯುವುದೂ ಧರ್ಮವೇ, ಗಂಡ, ಮಕ್ಕಳು ಎರಡರಲ್ಲಿ ಒಂದನ್ನು ಆರಿಸುವ ಸ್ಥಿತಿ ಬಂದಾಗ ಅದೇ ಮೊದಲು.

ಕುಡಿತ ನಿಂತ ಮೇಲಿನ ಕಾಲ ಬಹಳ ಉದ್ದ, ಮತ್ತು ಇಲ್ಲಿಯೇ ಒಂಟಿತನ ಹೆಚ್ಚು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಎಂಟು ದಿನ ಊರಿನ ನಡುವೆಯೇ ನಡೆಯುತ್ತವೆ. ಅವುಗಳ ಹೆಚ್ಚುಗಾರಿಕೆ ಶಿಬಿರದ ನಂತರದ ನವಜೀವನ ಸಮಿತಿಗಳಲ್ಲಿದೆ. ಬಿಟ್ಟವರೇ ಒಬ್ಬರನ್ನೊಬ್ಬರು ಕಾಯುವ ಕೂಟ ಅದು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಇದೇ ನೆಲೆಯದು: ತನ್ನ ಶಕ್ತಿ ಸಾಲದೆಂದು ಒಪ್ಪಿ, ತಾನು ತಿಳಿದಂತಿರುವ ದೇವರಿಗೆ ಒಪ್ಪಿಸಿಕೊಂಡು, ಇಂದಿನ ಒಂದು ದಿನ ಕುಡಿಯದಿರುವುದು. ಜೀವಮಾನದ ಆಣೆಗಿಂತ ಒಂದು ದಿನದ ನೇಮ ದಿನವೂ ಮಾಡುವ ಕಾಯಕಕ್ಕೆ ಹತ್ತಿರ. ಮನೆಯವರಿಗಾಗಿಯೇ ಅಲ್‌ಅನಾನ್ ಎಂಬ ಕೂಟ 1951ರಲ್ಲಿ ಹುಟ್ಟಿತು. ಚೆನ್ನೈನಲ್ಲಿ ಶಾಂತಿ ರಂಗನಾಥನ್ ಕುಡಿತಕ್ಕೆ ಗಂಡನನ್ನು ಕಳೆದುಕೊಂಡು, 1980ರಲ್ಲಿ ಟಿ.ಟಿ.ಕೆ. ಚಿಕಿತ್ಸಾ ಕೇಂದ್ರ ತೆರೆದರು. ಅಲ್ಲಿ ಮನೆಯವರಿಗೂ ಚಿಕಿತ್ಸೆಯ ಭಾಗವಾಗಿಯೇ ತರಬೇತಿ ಇದೆ. 2019ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರ ದವಾಖಾನೆ ಅವರ ಮನೆಯೇ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಲಾಗದವರು 14416ಕ್ಕೆ, ಟೆಲಿ ಮಾನಸ್‌ಗೆ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವನು ಒಪ್ಪದಿದ್ದರೂ ಮನೆಯವರು ತಮಗಾಗಿ ಕರೆ ಮಾಡಬಹುದು.

ಬಿಟ್ಟವನ ಕೈಗೆ ದುಡ್ಡು ಯಾವಾಗ ಕೊಡಬೇಕು, ಸಂತೆಗೆ ಒಬ್ಬನೇ ಕಳಿಸಬೇಕೇ, ಗುಳೆಗೆ ಹೋದರೆ ಯಾರ ಜೊತೆ ಇರಬೇಕು ಎಂಬಂಥ ಸಣ್ಣ ಮಾತುಗಳೇ ಈ ಕಾಲದ ಧರ್ಮಸೂಕ್ಷ್ಮಗಳು. ಬಾಯಿ ಮೂಸಿ ನೋಡುವುದು, ಜೇಬು ತಡಕುವುದು ಅವನನ್ನು ಮತ್ತೆ ಆರೋಪಿಯಾಗಿಸುತ್ತದೆ. ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲ ಕೀಲಿಗಳನ್ನೂ ಒಪ್ಪಿಸುವುದು ಅವನ ಮೇಲೆ ಹೊರಲಾರದ ಭಾರ. ಮೊದಲ ತಿಂಗಳು ಕೂಲಿ ಹಣವನ್ನು ಹೆಂಡತಿಯೇ ಇಟ್ಟುಕೊಳ್ಳಲಿ ಎಂದು ಇಬ್ಬರೂ ಕೂತು ಒಪ್ಪಿಕೊಂಡರೆ ಅದು ಅವಮಾನವಾಗುವುದಿಲ್ಲ. ಮರುಕಳಿಸಿದರೆ ಮಾಡಬೇಕಾದ್ದನ್ನೂ ಮೊದಲೇ ಮಾತಾಡಿಟ್ಟುಕೊಂಡ ಮನೆಗಳು ಬೇಗ ಚೇತರಿಸಿಕೊಳ್ಳುತ್ತವೆ: ಯಾರಿಗೆ ಫೋನ್ ಮಾಡಬೇಕು, ಯಾವ ದವಾಖಾನೆಗೆ ಹೋಗಬೇಕು, ಮಕ್ಕಳು ಆ ರಾತ್ರಿ ಯಾರ ಮನೆಯಲ್ಲಿ ಮಲಗಬೇಕು.

ಎಲ್ಲವನ್ನೂ ಮಾಡಿದ ಮೇಲೂ ಬಿಡದವರು ಇದ್ದಾರೆ, ಸಾಯುವವರೂ ಇದ್ದಾರೆ. ಆಗ ಹೆಂಡತಿಗೆ ‘ನೀ ಸರಿಯಾಗಿ ನೋಡಿಕೊಂಡಿದ್ದರೆ ಉಳೀತಿದ್ದ’ ಎನ್ನುವವರು ಧರ್ಮದ ಹೆಸರಿನಲ್ಲಿ ಅಧರ್ಮ ನುಡಿಯುತ್ತಾರೆ. ಕರ್ಮವನ್ನು ನಂಬುವ ಪರಂಪರೆಗಳಲ್ಲೂ ಮಾಡಿದವನ ಫಲ ಮಾಡಿದವನಿಗೇ. ಅವನ ಕುಡಿತವನ್ನು ಅವಳ ಖಾತೆಗೆ ಬರೆಯಲು ಅಲ್ಲಿ ಆಧಾರವಿಲ್ಲ. ಮಕ್ಕಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅಪ್ಪ ಕುಡಿದದ್ದು ತಾನು ಹಟ ಮಾಡಿದ್ದಕ್ಕೆ ಎಂದು ಆರೇಳು ವರ್ಷದ ಕೂಸು ನಿಜವಾಗಿ ನಂಬುತ್ತದೆ. ಅದು ತನ್ನಿಂದ ಆದದ್ದಲ್ಲ, ತನ್ನಿಂದ ನಿಲ್ಲಿಸಲು ಆಗುವಂಥದ್ದೂ ಅಲ್ಲ ಎಂದು ಮನೆಯ ದೊಡ್ಡವರು ಬಾಯಿಬಿಟ್ಟು ಹೇಳಬೇಕು. ಹದಿವಯಸ್ಸಿಗೆ ಬಂದ ಮೇಲೆ, ಈ ಕಾಯಿಲೆ ವಂಶದಲ್ಲಿ ಇಳಿಯಬಹುದಾದ್ದರಿಂದ ಮೊದಲ ಗುಟುಕು ತನಗೆ ಉಳಿದವರಿಗಿಂತ ಹೆಚ್ಚು ಅಪಾಯದ್ದು ಎಂಬುದನ್ನೂ ಅದೇ ಬಾಯಿಂದ, ಅದೇ ಮೆತ್ತನೆಯ ದನಿಯಲ್ಲಿ ತಿಳಿಸಬೇಕು.